ಒಡೆದ ಗಡಿಗೆ ತೊಳೆಯುವ ಕೆಲಸ

ಪುರಾತತ್ವದಲ್ಲಿ ನನ್ನ ಮೊದಲ ಕೆಲಸ ಮಡಕೆ ಚೂರು ತೊಳೆಯುವುದು. ಒಂದು ಬಕೆಟ್ ನೀರು, ಹಲ್ಲುಜ್ಜುವ ಹಳೇ ಬ್ರಷ್, ಎದುರಿಗೆ ಗುಡ್ಡೆ ಹಾಕಿದ ಚೂರುಗಳು. ಜೋರಾಗಿ ಉಜ್ಜಬಾರದು, ಮೇಲಿನ ಬಣ್ಣ ಹೋಗುತ್ತದೆ. ಒಂದು ಚೀಲದ ಚೂರು ಇನ್ನೊಂದರ ಜೊತೆ ಸೇರಬಾರದು. ಒಣಗಿದ ಮೇಲೆ ಪ್ರತಿ ಚೂರಿನ ಒಳಮೈಗೆ ಸಣ್ಣ ಅಕ್ಷರದಲ್ಲಿ ಜಾಗದ ಗುರುತು, ಟ್ರೆಂಚಿನ (ಅಗಿಯುವ ಗುಂಡಿಯ) ಸಂಖ್ಯೆ, ಪದರದ ಸಂಖ್ಯೆ ಬರೆಯಬೇಕು. ಹದಿನೈದು ದಿನ ಇದನ್ನೇ ಮಾಡಿದೆ. ಊರಿಗೆ ಫೋನ್ ಮಾಡಿ ಹೇಳಿದಾಗ ಅವ್ವ ಅಂದಳು: "ಮನ್ಯಾಗ ಒಂದು ವಾಟಗಾ ತೊಳದಾಂವ ಅಲ್ಲ, ಅಲ್ಲಿ ಹೋಗಿ ಒಡದ ಗಡಿಗಿ ತೊಳ್ಯಾಕತ್ತಾನ."

ನಮ್ಮೂರು ಬಾದಾಮಿ ತಾಲ್ಲೂಕಿನಲ್ಲಿ. ಈ ಕಡೆ ಹುಟ್ಟಿದವರಿಗೆ ಇತಿಹಾಸ ಅಂದರೆ ಗುಡಿ. ಶಾಲೆಯ ಪ್ರವಾಸ ಅಂದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆ. ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಶಾಸನ, ಶಕವರ್ಷ 500, ಅಂದರೆ ಕ್ರಿ.ಶ. 578. ಐಹೊಳೆಯ ಮೇಗುಟಿ ಗುಡಿಯ ಗೋಡೆಯಲ್ಲಿ 634ರ ರವಿಕೀರ್ತಿಯ ಶಾಸನ. ಇಮ್ಮಡಿ ಪುಲಕೇಶಿಯನ್ನು ಹೊಗಳುತ್ತಾ ಕಾಳಿದಾಸ, ಭಾರವಿಯರ ಜೊತೆಗೆ ತನ್ನನ್ನೂ ಹೋಲಿಸಿಕೊಂಡವನು ಅವನು. ಇವನ್ನೆಲ್ಲ ಬಾಯಿಪಾಠ ಮಾಡಿದ್ದೆ. ಪುರಾತತ್ವ ಅಂದರೆ ಇಂಥ ಗುಡಿಗಳ ಮುಂದೆ ನಿಂತು ವಿವರಿಸುವುದು ಎಂದೇ ತಿಳಿದಿದ್ದೆ.

ಬಾಗಲಕೋಟೆಯಲ್ಲಿ ಬಿ.ಎ. ಓದುವಾಗ ಒಬ್ಬ ಮೇಷ್ಟ್ರು ಈ ತಿಳಿವಳಿಕೆಯನ್ನು ಕೆಡಿಸಿದರು. ಮಲಪ್ರಭೆಯ ದಂಡೆಯ ಖ್ಯಾಡದಲ್ಲಿ ಹಳೇ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ, 1950ರ ದಶಕದಲ್ಲೇ ಪುರಾತತ್ವಜ್ಞ ಆರ್.ವಿ. ಜೋಶಿ ಈ ಕಣಿವೆಯನ್ನು ಅಭ್ಯಾಸ ಮಾಡಿದ್ದರು ಎಂದರು. ಚಾಲುಕ್ಯರು ನಿನ್ನೆ ಬಂದವರು ಅನ್ನಿಸಿಬಿಟ್ಟಿತು. ನಾವು ಎಮ್ಮೆ ಮೈ ತೊಳೆಯಲು ಹೋಗುತ್ತಿದ್ದ ಹೊಳೆ ಅದು. ಆ ಕಲ್ಲುಗಳನ್ನು ಬಾಲ್ಯದಲ್ಲಿ ಎಷ್ಟು ಸಲ ನೀರಿಗೆ ಎಸೆದಿದ್ದೆನೋ!

ಓದಿನ ದಾರಿ ಬೇಗ ಹೇಳಿಬಿಡುತ್ತೇನೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತದ ಇತಿಹಾಸ ಮತ್ತು ಶಾಸನಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಬರೀ ಪುರಾತತ್ವವೇ ಬೇಕೆಂದವರು ಪುಣೆಯ ಡೆಕ್ಕನ್ ಕಾಲೇಜಿಗೆ ಹೋಗುತ್ತಾರೆ. ಎಂ.ಎ. ಆದ ಮೇಲೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಎರಡು ವರ್ಷದ ಡಿಪ್ಲೊಮಾ ಇದೆ. ಆ ಸಂಸ್ಥೆ ಮೊದಲು ದಿಲ್ಲಿಯಲ್ಲಿತ್ತು, ಈಗ ಗ್ರೇಟರ್ ನೋಯ್ಡಾದಲ್ಲಿದೆ. ನಾನು ಪರೀಕ್ಷೆ ಬರೆದೆ, ಸಿಗಲಿಲ್ಲ. ಸುಮ್ನೆ ಕೂರಲಿಲ್ಲ, ಒಂದು ಉತ್ಖನನಕ್ಕೆ ಸೇರಿಕೊಂಡೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಕಷ್ಟ ಆಗುವುದು ವಿಷಯವಲ್ಲ, ಇಂಗ್ಲಿಷ್ ವರದಿಗಳು. ನಾನು ದಿನಕ್ಕೆ ಎರಡು ಪುಟ ಅಂತ ಡಿಕ್ಷನರಿ ಹಿಡಿದು ಓದಿದೆ. ಎರಡು ಪುಟಕ್ಕಿಂತ ಜಾಸ್ತಿ ಆಗುತ್ತಲೂ ಇರಲಿಲ್ಲ.

ಆ ದಿಬ್ಬ ಹೊಳೆಯ ದಂಡೆಯಲ್ಲಿತ್ತು. ಊರಿನ ಹೆಸರು ಬೇಡ. ನನಗೆ ಕೊಟ್ಟದ್ದು 5 ಮೀಟರ್ ಚೌಕದ ಟ್ರೆಂಚು. ಸುತ್ತ ಅರ್ಧ ಮೀಟರ್ ಬಿಟ್ಟು ಒಳಗಿನ 4 ಮೀಟರ್ ಮಾತ್ರ ಅಗಿಯಬೇಕು. ಹಾಗೆ ಬಿಟ್ಟ ಮಣ್ಣಿನ ಗೋಡೆಗೆ ಬಾಕ್ ಅನ್ನುತ್ತಾರೆ. ಅದರಲ್ಲಿ ಪದರಗಳು ಒಂದರ ಕೆಳಗೊಂದು ಕಾಣುತ್ತವೆ. ಮೇಲಿನದು ಒಂದನೇ ಪದರ, ಅದರ ಕೆಳಗೆ ಎರಡು, ಮೂರು. ಯಾವ ಪದರದಲ್ಲಿ ಸಿಕ್ಕಿದ್ದು ಆ ಪದರದ ಚೀಲಕ್ಕೇ ಹೋಗಬೇಕು. ಅಷ್ಟೇ ನಿಯಮ. ಕೇಳಲು ಎಷ್ಟು ಸುಲಭ, ಅಲ್ವಾ?

ನಾಲ್ಕನೇ ಪದರದಲ್ಲಿ ಕಪ್ಪು-ಕೆಂಪು ಮಡಕೆ ಬರತೊಡಗಿತು. ಬೋರಲು ಹಾಕಿ ಸುಟ್ಟ ಮಡಕೆ ಇದು. ಗಾಳಿ ತಾಗದ ಒಳಮೈ ಮತ್ತು ಬಾಯಂಚು ಕಪ್ಪಾಗುತ್ತವೆ, ಉಳಿದ ಹೊರಮೈ ಕೆಂಪಗಿರುತ್ತದೆ. ನಮ್ಮ ಕಡೆ ಇದು ಕಬ್ಬಿಣ ಯುಗದ, ಬೃಹತ್ ಶಿಲಾ ಗೋರಿಗಳ ಕಾಲದ ಗುರುತು. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು ತೋರಿಸಿದ ಕ್ರಮವೂ ಇಂಥದ್ದೇ: ಕೆಳಗೆ ನಯಗೊಳಿಸಿದ ಕಲ್ಗೊಡಲಿಯವರು, ಅವರ ಮೇಲೆ ಬೃಹತ್ ಶಿಲಾ ಗೋರಿಯವರು, ಅವರ ಮೇಲೆ ಸಾತವಾಹನರ ಕಾಲದ ಮಡಕೆಯವರು. ಪುಸ್ತಕದಲ್ಲಿ ಓದಿದ್ದು ಕಣ್ಣ ಮುಂದೆ ಬರುತ್ತಿತ್ತು. ನನಗೆ ಖುಷಿಯೋ ಖುಷಿ.

ಟ್ರೆಂಚಿನ ಒಂದು ಮೂಲೆಯಲ್ಲಿ ಕೆಲಸ ಬಲು ವೇಗವಾಗಿ ಸಾಗಿತು. ಅಗಿಯುತ್ತಿದ್ದ ಯಜಮಾನರು ಒಮ್ಮೆ ಗುದ್ದಲಿ ನಿಲ್ಲಿಸಿ, "ಸಾಹೇಬ್ರ, ಇಲ್ಲಿ ಮಣ್ಣು ಮೆತ್ತಗ ಬರಾಕತ್ತೈತ್ರಿ" ಅಂದರು. ಒಳ್ಳೇದಾಯ್ತು, ಬೇಗ ಮುಗಿಯುತ್ತೆ ಅಂದುಕೊಂಡೆ. ಹಾಗೆ ಎರಡು ದಿನ ಹೋಯಿತು. ಮೂರನೇ ದಿನ ಕಪ್ಪು-ಕೆಂಪು ಚೂರುಗಳ ನಡುವೆ ಬಳೆಯ ತುಂಡೊಂದು ಸಿಕ್ಕಿತು. ಗಾಜಿನದು, ಹಳದಿ, ಹಸಿರು ಗೆರೆಗಳಿದ್ದದ್ದು. ಅಂಥ ಬಣ್ಣಬಣ್ಣದ ಗಾಜಿನ ಬಳೆ ನಮ್ಮಲ್ಲಿ ಬಹಮನಿ ಕಾಲದ ಪದರಗಳಲ್ಲಿ ಸಿಗುವಂಥದ್ದು. ಕಬ್ಬಿಣ ಯುಗದವರ ಕೈಯಲ್ಲಿ ಅದು ಇರಲಾರದು.

ನಮ್ಮ ನಿರ್ದೇಶಕರು ಬಂದು ನೋಡಿದರು. ಬೈಯಲಿಲ್ಲ. ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ನೀರು ತಂದು ಆ ಮೂಲೆಯ ಬಾಕ್‌ಗೆ ಸಿಂಪಡಿಸಿದರು. ಒದ್ದೆಯಾದ ಗೋಡೆಯಲ್ಲಿ ನಿಧಾನಕ್ಕೆ ಒಂದು ಕಪ್ಪು ಗೆರೆ ಎದ್ದು ಕಂಡಿತು. ಎರಡನೇ ಪದರದಿಂದ ಶುರುವಾಗಿ, ಗಡಿಗೆಯ ಹೊಟ್ಟೆಯ ಹಾಗೆ ಉಬ್ಬಿ, ನಾಲ್ಕನೇ ಪದರವನ್ನು ಕೊರೆದು ಕೆಳಗಿಳಿದಿತ್ತು. ನಾನು ಅಗಿಯುತ್ತಿದ್ದದ್ದು ನಾಲ್ಕನೇ ಪದರವನ್ನಲ್ಲ. ಯಾರೋ ನೂರಾರು ವರ್ಷ ಆಮೇಲೆ ಬಂದು ಮೇಲಿನಿಂದ ತೋಡಿದ ಹಗೇವನ್ನು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯನ್ನು.

ಹಗೇವು! ನಮ್ಮ ಅಜ್ಜಿ ಮನೆಯ ಮುಂದೆಯೇ ಒಂದಿತ್ತು. ಜೋಳ ತೆಗೆಯುವ ದಿನ ಬೆಳಿಗ್ಗೆಯೇ ಬಾಯಿ ತೆರೆದಿಡುತ್ತಿದ್ದರು. ಕೆಟ್ಟ ಗಾಳಿ ಹೋಗಲಿ ಅಂತ. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಅದರ ಹೊಟ್ಟೆಯ ಆಕಾರ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೂ ಟ್ರೆಂಚಿನಲ್ಲಿ ಅದರೊಳಗೇ ನಿಂತು ನನಗೆ ಗುರುತು ಹತ್ತಲಿಲ್ಲ. ಪುಸ್ತಕದ ಪದರ ಹುಡುಕುತ್ತಿದ್ದೆನಲ್ಲ. ಎರಡು ದಿನದ ಚೀಲಗಳ ಮೇಲೆಲ್ಲ "ಮಿಶ್ರ" ಅಂತ ಬರೆದೆ. ಆ ಚೂರುಗಳಿಂದ ಕಾಲ ನಿರ್ಣಯ ಮಾಡುವ ಹಾಗಿಲ್ಲ. ಒಮ್ಮೆ ಅಗೆದ ಜಾಗವನ್ನು ಮತ್ತೆ ಅಗಿಯಲೂ ಆಗುವುದಿಲ್ಲ.

ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಮಣ್ಣಿನ ಬಣ್ಣ ಗುರುತಿಸಲು ನಮಗೆ ಮುನ್ಸೆಲ್ ಅಂತ ಒಂದು ಬಣ್ಣದ ಪುಸ್ತಕ ಇರುತ್ತದೆ. ಮಣ್ಣನ್ನು ಅದರ ಚೌಕಗಳ ಪಕ್ಕ ಹಿಡಿದು "10 ವೈಆರ್ 3/1" ಅಂತ ಬರೆಯಬೇಕು. ಅದನ್ನು ಬರೆಯುತ್ತೇನೆ. ಪಕ್ಕದಲ್ಲೇ ಅಗಿಯುವವರ ಮಾತನ್ನೂ ಬರೆಯುತ್ತೇನೆ: ಎರಿ, ಮಸಾರಿ, ಗರಸು, ಬೂದಿ ಕಲಸಿದ್ದು, ಮೆತ್ತಗೆ, ಗುದ್ದಲಿ ಸದ್ದು ಬದಲಾಯ್ತು. ಮೆತ್ತಗೆ ಅಂತ ಯಾರಾದರೂ ಅಂದರೆ ಕೆಲಸ ನಿಲ್ಲಿಸಿ, ಕರಣೆಯಿಂದ ನೆಲ ಕೆರೆದು, ನೀರು ಚಿಮುಕಿಸಿ ನೋಡುತ್ತೇನೆ. ಹತ್ತು ಸಲ ನಿಲ್ಲಿಸಿದರೆ ಒಂಬತ್ತು ಸಲ ಇಲಿಯ ಬಿಲ. ಇರಲಿ.

ದುಡ್ಡಿನ ಮಾತು ಬಿಟ್ಟರೆ ಸುಳ್ಳು ಹೇಳಿದ ಹಾಗೆ. ಅಗೆತ ನಡೆಯುವುದು ಹೆಚ್ಚಾಗಿ ಡಿಸೆಂಬರಿನಿಂದ ಬೇಸಿಗೆ ಏರುವ ತನಕ. ಗುತ್ತಿಗೆಯ ಕೆಲಸ, ಕೆಲವೇ ತಿಂಗಳು. ಒಂದು ಯೋಜನೆಯವರು ನನ್ನ ಮೂರು ತಿಂಗಳ ಸಂಬಳವನ್ನು ಮುಂದಿನ ವರ್ಷ ಕೊಟ್ಟರು. ಮಳೆಗಾಲದಲ್ಲಿ ಮಡಕೆಗಳ ಚಿತ್ರ ಬರೆಯುತ್ತೇನೆ. ಬಾಯಂಚಿನ ಒಂದು ಚೂರು ಇದ್ದರೆ ಸಾಕು, ವೃತ್ತಗಳಿರುವ ಹಾಳೆಯ ಮೇಲಿಟ್ಟು ಇಡೀ ಮಡಕೆಯ ಬಾಯಿ ಎಷ್ಟಗಲ ಇತ್ತು ಅಂತ ಹೇಳಬಹುದು. ಈ ಕೈಚಳಕ ನನಗೆ ಡಿಗ್ರಿಗಿಂತ ಜಾಸ್ತಿ ಅನ್ನ ಹಾಕಿದೆ. ಕಾಯಂ ನೌಕರಿ ಬೇಕೆಂದರೆ ಸರ್ವೇಕ್ಷಣೆ ಇದೆ, ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ರಾಜ್ಯದ ಇಲಾಖೆ ಇದೆ, ವಿಶ್ವವಿದ್ಯಾಲಯಗಳಿವೆ. ಹುದ್ದೆ ಕಡಿಮೆ, ಕಾಯುವುದು ಜಾಸ್ತಿ. ಕಾಯುವಾಗ ಮನೆ ನಡೆಸಲು ಬೇರೆ ದಾರಿ ಇಟ್ಟುಕೊಂಡಿರಿ. ನಮಗೆ ನಾಲ್ಕು ಎಕರೆ ಹೊಲ ಇತ್ತು, ಬಚಾವಾದೆ.

ಶಾಸನದ ಕೆಲಸವೂ ಆಗಾಗ ಸಿಗುತ್ತದೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ಗುಂಡಿಗಳಿಗೆ ಇಳಿಸಿ, ಮೇಲೆ ಮಸಿ ಒತ್ತಿದರೆ ಪಡಿಯಚ್ಚು. ನಡುವೆ ಗಾಳಿ ಬಂತೋ, ಮುಗೀತು. ಹನುಮಪ್ಪನ ಗುಡಿಯ ಕಲ್ಲಿಗೆ ತಲೆತಲಾಂತರದಿಂದ ಎಣ್ಣೆ ಹಚ್ಚಿದ್ದರೆ ಕಾಗದ ಕೂರುವುದೇ ಇಲ್ಲ. ಒಂದೂರಲ್ಲಿ ಇಷ್ಟು ಮತ್ತರು (ಹಳೇ ಕಾಲದ ಭೂಮಿಯ ಅಳತೆ) ಭೂಮಿ ದಾನ ಅಂತ ಓದಿ ಹೇಳಿದಾಗ ಸುತ್ತ ನಿಂತವರ ಮೊದಲ ಪ್ರಶ್ನೆ: "ಅಂದ್ರ ಎಷ್ಟು ಕೂರಿಗಿ ಹೊಲಾರೀ? ಈಗ ಯಾರ ಹೆಸರಿಗೈತಿ?" ಎರಡನೇ ಪ್ರಶ್ನೆ ನಿಧಿಯದು. ಅದು ಎಲ್ಲ ಊರಲ್ಲೂ ಇದ್ದದ್ದೇ.

ಈಗ ನಾನು ಜಾಸ್ತಿ ಮಾಡುವುದು ಊರೂರು ತಿರುಗಿ ಹಳೇ ನೆಲೆಗಳನ್ನು ಗುರುತಿಸುವ ಕೆಲಸ. ಅಗಿಯಲು ಲೈಸೆನ್ಸ್ ಬೇಕು, ತಿರುಗಿ ನೋಡಿ ಬರೆದುಕೊಳ್ಳಲು ಕಾಲು ಗಟ್ಟಿ ಇದ್ದರೆ ಸಾಕು. "ಹಳೇ ನೆಲೆ ಎಲ್ಲಿದೆ" ಅಂತ ಕೇಳಿದರೆ ಯಾರಿಗೂ ತಿಳಿಯದು. "ಹಾಳಮಣ್ಣು ಎಲ್ಲಿಂದ ತರ್ತೀರಿ" ಅಂತ ಕೇಳಬೇಕು. ಮಾಳಿಗೆಗೆ ಹಾಕಲು, ಹೊಲಕ್ಕೆ ಗೊಬ್ಬರವಾಗಿ ಆ ಬೂದಿ ಬಣ್ಣದ ಮಣ್ಣು ಬರುವುದು ಹಾಳೂರಿನ ದಿಬ್ಬದಿಂದಲೇ. ಮೊದಲು ಚಕ್ಕಡಿಯಲ್ಲಿ ಒಯ್ಯುತ್ತಿದ್ದರು. ಈಗ ಜೆಸಿಬಿ, ಟ್ರ್ಯಾಕ್ಟರ್.

ಹೋದ ಬೇಸಿಗೆಯಲ್ಲಿ ಅಂಥ ಒಂದು ದಿಬ್ಬಕ್ಕೆ ಎರಡನೇ ಸಲ ಹೋದೆ. ಅರ್ಧ ದಿಬ್ಬ ಇರಲಿಲ್ಲ. ಉಳಿದರ್ಧ ಬ್ರೆಡ್ಡು ಕೊಯ್ದ ಹಾಗೆ ನೆಟ್ಟಗೆ ನಿಂತಿತ್ತು. ಜೆಸಿಬಿ ಹುಡುಗನನ್ನು ಕೇಳಿಕೊಂಡೆ. ಚಹಾ ಕುಡಿದು ಬರ್ತೀನಿ, ಅಲ್ಲೀತನಕ ನಿಮ್ಮದು ಏನೈತಿ ಮುಗಿಸ್ಕೊಳ್ರಿ ಅಂದ. ದಾರ ಕಟ್ಟಿ, ಟೇಪು ಹಿಡಿದು, ಗ್ರಾಫ್ ಹಾಳೆ ತೆಗೆದೆ. ಬಾಟಲಿಯ ನೀರನ್ನೆಲ್ಲ ಗೋಡೆಗೆ ಚಿಮುಕಿಸಿದೆ. ಐದು ಪದರ ಕಂಡವು. ಎಡಗಡೆ, ಮೇಲಿನ ಪದರದಿಂದ ಕೆಳಕ್ಕೆ ಹೊಟ್ಟೆ ಉಬ್ಬಿಸಿಕೊಂಡು ಇಳಿದಿತ್ತು ಒಂದು ಹಗೇವು. ಮೊದಲು ಅದನ್ನೇ ಬರೆದುಕೊಂಡೆ.