ಡ್ರ್ಯಾಗ್ ಕಾರನ್ನು ಹಿಂದಿನ ಚಕ್ರದಿಂದ ಕಟ್ಟುತ್ತಾ ಬನ್ನಿ

ನೇರ ಪಟ್ಟಿಯಲ್ಲಿ ನಿಂತಲ್ಲಿಂದ ಹೊರಟು ಓಡುವ ರೇಸ್ ಕಾರೇ ಡ್ರ್ಯಾಗ್ ಕಾರು. ನನ್ನ ಮೊದಲ ಡ್ರ್ಯಾಗ್ ಕಾರಿನಲ್ಲಿ ಇದ್ದಬದ್ದ ದುಡ್ಡನ್ನೆಲ್ಲ ಇಂಜಿನ್‌ಗೇ ಸುರಿದಿದ್ದೆ. 700 ಹಾರ್ಸ್‌ಪವರ್ ಬಂತು. ಹಿಂದಿನ ಆಕ್ಸಲ್ ಮಾತ್ರ ಹಳೆಯದೇ. ಸಾಮಾನ್ಯ ಟೈರ್ ಇರುವವರೆಗೆ ಏನೂ ಆಗಲಿಲ್ಲ, ಟೈರ್ ಸುಮ್ನೆ ತಿರುಗಿ ಹೊಗೆ ಎಬ್ಬಿಸುತ್ತಿತ್ತು. ಸ್ಲಿಕ್ ಟೈರ್ (ಗೀರುಗಳಿಲ್ಲದ ನುಣುಪು ರೇಸ್ ಟೈರ್) ಹಾಕಿದ ದಿನ ಅದು ನೆಲ ಕಚ್ಚಿ ಹಿಡಿಯಿತು. ಎಡಗಡೆಯ ಆಕ್ಸಲ್ ಶಾಫ್ಟ್ ಸ್ಪ್ಲೈನ್ (ತುದಿಯ ಹಲ್ಲುಗೆರೆಗಳು) ಬುಡದಲ್ಲಿ ತುಂಡಾಯಿತು. ಕಾರು ಎರಡು ಮಾರೂ ಹೋಗಿರಲಿಲ್ಲ.

ಅವತ್ತಿನಿಂದ ನನ್ನದು ಹಿಂದಿನಿಂದ ಮುಂದಕ್ಕೆ ಬರುವ ಕ್ರಮ. ಮೊದಲು ಟೈರ್, ಆಮೇಲೆ ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ದಂಡ), ಗೇರ್‌ಬಾಕ್ಸ್, ಕನ್ವರ್ಟರ್ (ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆಯ ಮೂಲಕ ಬಲ ಸಾಗಿಸುವ ಭಾಗ). ಇಂಜಿನ್ ಕೊನೆಗೆ.

ಈ ಲೆಕ್ಕ ನೋಡಿ. ಇಂಜಿನ್ ಟಾರ್ಕ್ (ತಿರುಗಿಸುವ ಬಲ) 900 ನ್ಯೂಟನ್ ಮೀಟರ್ ಅಂದುಕೊಳ್ಳಿ. ನಿಂತಲ್ಲಿಂದ ಹೊರಡುವಾಗ ಕನ್ವರ್ಟರ್ ಅದನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡುತ್ತದೆ. ಪವರ್‌ಗ್ಲೈಡ್ ಗೇರ್‌ಬಾಕ್ಸ್‌ನ ಮೊದಲ ಗೇರ್ 1.76, ಅಂದರೆ ಟಾರ್ಕ್ ಮತ್ತೆ ಅಷ್ಟು ಪಟ್ಟು. ಅಲ್ಲಿಗೆ ಪ್ರೊಪೆಲ್ಲರ್ ಶಾಫ್ಟ್ ಮೇಲೆ 3,168. ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಗೇರ್ ಜೋಡಿ) ರೇಶಿಯೋ 4.11 ಇದ್ದರೆ ಆಕ್ಸಲ್ ಮೇಲೆ ಸುಮಾರು 13,000! ಹಿಂದೆ ಹೋದಷ್ಟೂ ಪೆಟ್ಟು ಜಾಸ್ತಿ, ಅಲ್ವಾ? ಹಾಗಾಗಿ ಬಿಡಿಭಾಗ ಕೊಳ್ಳುವಾಗ ಇವತ್ತಿನ ಪವರ್ ನೋಡಬೇಡಿ. ಮುಂದೆ ಎಲ್ಲಿಗೆ ಮುಟ್ಟಬೇಕು ಅಂತಿದ್ದೀರೋ ಅದಕ್ಕೆ ತಕ್ಕದ್ದನ್ನು ಒಂದೇ ಸಲ ಕೊಳ್ಳಿ.

ಆಕ್ಸಲ್ ವಿಷಯದಲ್ಲಿ ನನ್ನ ಆಯ್ಕೆ ಫೋರ್ಡ್ 9 ಇಂಚು. 1957ರಲ್ಲಿ ಬಂದ ವಿನ್ಯಾಸ, ಆದರೂ ಹೊರಕವಚವಾದ ಹೌಸಿಂಗ್‌ನಿಂದ ಶಾಫ್ಟ್‌ವರೆಗೆ ಎಲ್ಲವೂ ಇವತ್ತಿಗೂ ಹೊಸದಾಗಿ ಸಿಗುತ್ತದೆ. ಪಿನಿಯನ್‌ನ ಹಿಂತುದಿಗೂ ಒಂದು ಬೇರಿಂಗ್ ಆಸರೆ ಇದೆ. ಗೇರ್ ಭಾಗ ಇಡಿಯಾಗಿ ಮುಂದಿನಿಂದ ಹೊರಬರುವುದರಿಂದ ರೇಶಿಯೋ ಬದಲಿಸುವುದೂ ಸುಲಭ. ಪಿನಿಯನ್ ತುಂಬ ಕೆಳಗೆ ಕೂರುವುದರಿಂದ ಉಜ್ಜಾಟದಲ್ಲಿ ಸ್ವಲ್ಪ ಪವರ್ ಹೋಗುತ್ತದೆ, ಅದನ್ನು ನಾನು ಒಪ್ಪಿಕೊಂಡಿದ್ದೇನೆ. 28 ಸ್ಪ್ಲೈನ್ ಶಾಫ್ಟ್ ಬೇಡ, 35 ಹಾಕಿ. ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಬದಲು ಸ್ಪೂಲ್ ಎಂಬ ಗಟ್ಟಿ ಜೋಡಣೆ ಹಾಕಿದರೆ ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ. ರಸ್ತೆಯಲ್ಲೂ ಓಡಿಸುವ ಕಾರಿಗೆ ಅದು ಸರಿಹೋಗದು, ತಿರುವಿನಲ್ಲಿ ಟೈರ್ ಎಳೆದಾಡುತ್ತದೆ.

ರೇಶಿಯೋ ಆರಿಸಲು ಒಂದು ಸೂತ್ರವಿದೆ. ಗುರಿಗೆರೆ ದಾಟುವಾಗಿನ ವೇಗವನ್ನು ಗಂಟೆಗೆ ಇಷ್ಟು ಮೈಲಿ ಎಂದು ತೆಗೆದುಕೊಂಡು ರೇಶಿಯೋದಿಂದ ಗುಣಿಸಿ, ಮತ್ತೆ 336ರಿಂದ ಗುಣಿಸಿ, ಟೈರ್ ಎತ್ತರದ ಇಂಚಿನಿಂದ ಭಾಗಿಸಿ. 150 ಮೈಲಿ, 4.11, 28 ಇಂಚು ಅಂದರೆ ಸುಮಾರು 7,400 ಆರ್‌ಪಿಎಂ. ಇದು ಟಾಪ್ ಗೇರ್ 1:1 ಇದ್ದಾಗಿನ ಮಾತು. ಕನ್ವರ್ಟರ್ ಜಾರುವುದರಿಂದ ಇಂಜಿನ್ ಇನ್ನೂ ಒಂದಿಷ್ಟು ಮೇಲೆ ಓಡುತ್ತದೆ.

ಪ್ರೊಪೆಲ್ಲರ್ ಶಾಫ್ಟ್‌ಗೆ 1310 ಅಳತೆಯ ಕ್ರಾಸ್ (ಶಾಫ್ಟ್ ತುದಿಯ ಬಾಗುವ ಕೀಲು) ಸಾಲದು, ಅದಕ್ಕಿಂತ ದೊಡ್ಡ 1350 ಬೇಕು. ಮುಂದಿನ ಕ್ರಾಸ್‌ನಿಂದ 6 ಇಂಚಿನೊಳಗೆ ಸೇಫ್ಟಿ ಲೂಪ್ (ಶಾಫ್ಟ್ ಸುತ್ತ ಹಾಕುವ ಬಳೆ) ಇರಲೇಬೇಕು. ಕ್ರಾಸ್ ಮುರಿದರೆ ಶಾಫ್ಟ್ ತುದಿ ನೆಲಕ್ಕೆ ಊರಿ ಕಾರನ್ನೇ ಎತ್ತಿಬಿಡಬಹುದು. ಇದರಲ್ಲಿ ಮಾತ್ರ ದಯವಿಟ್ಟು ಉಳಿತಾಯ ಮಾಡಬೇಡಿ.

ಸೆಕೆಂಡ್ ಹ್ಯಾಂಡ್ ಭಾಗ ಕೊಳ್ಳುವುದು ತಪ್ಪಲ್ಲ. ಹೌಸಿಂಗ್, ಗೇರ್‌ಬಾಕ್ಸ್ ಕೇಸ್ ನಾನೂ ಹಾಗೇ ಕೊಂಡಿದ್ದೇನೆ. ಹೌಸಿಂಗ್ ನೆಟ್ಟಗಿದೆಯಾ ಅಳೆಸಿ. ಕ್ರೌನ್ ಹಲ್ಲುಗಳ ಮೇಲೆ ಬಣ್ಣ ಸವರಿ ತಿರುಗಿಸಿ, ಗುರುತು ಹಲ್ಲಿನ ಅಂಚಿಗೆ ಬಿದ್ದಿದ್ದರೆ ಬಿಟ್ಟುಬಿಡಿ. ಸ್ಪ್ಲೈನ್ ಗೆರೆಗಳು ಎಳ್ಳಷ್ಟು ತಿರುಚಿದ್ದರೂ ಆ ಶಾಫ್ಟ್ ಬೇಡ. ಕನ್ವರ್ಟರ್ ಮಾತ್ರ ಹೊಸದನ್ನೇ ಮಾಡಿಸಿ. ಕಾರಿನ ತೂಕ, ಟಾರ್ಕ್, ರೇಶಿಯೋ, ಟೈರ್ ಎತ್ತರ ಬರೆದು ಕೊಡಿ. ಒಂದು ಕಾರಿಗೆ ಹೊಂದಿದ ಕನ್ವರ್ಟರ್ ಇನ್ನೊಂದಕ್ಕೆ ಹೊಂದುವುದು ಅಪರೂಪ.

ಜೋಡಿಸುವ ಮುನ್ನ ಎರಡೂ ಆಕ್ಸಲ್ ಶಾಫ್ಟ್‌ಗಳ ಉದ್ದಕ್ಕೆ ಬಿಳಿ ಪೇಂಟ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ. ಹತ್ತಿಪ್ಪತ್ತು ಓಟಗಳಾದ ಮೇಲೆ ಶಾಫ್ಟ್ ಹೊರಗೆಳೆದು ನೋಡಿ. ಗೆರೆ ಸುರುಳಿಯಂತೆ ವಾಲಿದ್ದರೆ ಆ ಶಾಫ್ಟ್‌ ಅನ್ನು ಮತ್ತೆ ಒಳಗೆ ಹಾಕಬೇಡಿ.