ತಿದ್ದಲು ಹೋದ ಒಂದು ದೀರ್ಘ

ಕುಮಾರವ್ಯಾಸ ಭಾರತವನ್ನು ಕೈಗೆತ್ತಿಕೊಂಡ ದಿನವೇ ನಾನು ಅದರ ಮೊದಲ ಪದ್ಯವನ್ನು ಪೆನ್ಸಿಲಿನಿಂದ ತಿದ್ದಿದೆ. ‘ಗದುಗಿನ ವೀರನಾರಯಣ’ ಎಂದು ಅಚ್ಚಾಗಿತ್ತು. ಮುದ್ರಣದೋಷವೆಂದು ತಿಳಿದು ‘ರ’ಕ್ಕೆ ದೀರ್ಘ ಕೊಟ್ಟೆ. ಕಾವ್ಯವನ್ನು ರಾಗವಾಗಿ ಓದುವ ಗಮಕ ಹೇಳಿಕೊಡುತ್ತಿದ್ದ ಗುರುಗಳು ಅದನ್ನು ನೋಡಿ, “ಪ್ರಸ್ತಾರ ಹಾಕಿಕೊಂಡು ಬನ್ನಿ” ಎಂದಷ್ಟೇ ಹೇಳಿದರು. ಅಂದರೆ ಒಂದೊಂದು ಅಕ್ಷರವೂ ಲಘುವೋ ಗುರುವೋ ಎಂದು ಗುರುತು ಹಾಕಿ ಎಣಿಸುವುದು. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘವಾದದ್ದು, ಸೊನ್ನೆಯುಳ್ಳದ್ದು, ಒತ್ತಕ್ಷರದ ಹಿಂದಿನದು ಗುರು, ಅದಕ್ಕೆ ಎರಡು.

ಈ ಕಾವ್ಯದ ಛಂದಸ್ಸು ಆರು ಪಾದಗಳ ಭಾಮಿನಿ ಷಟ್ಪದಿ. ಅದರಲ್ಲಿ 1, 2, 4, 5ನೆಯ ಪಾದಗಳಿಗೆ 3-4-3-4ರ ನಡೆ, ಒಟ್ಟು 14 ಮಾತ್ರೆ. 3 ಮತ್ತು 6ನೆಯ ಪಾದಗಳಲ್ಲಿ 3-4ರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಕಾವು-ದಾನತ-ಜನವ-ಗದುಗಿನ-ವೀರ-ನಾರಯ-ಣ. ಪಾದದ ಕೊನೆಯ ‘ಣ’ ಹ್ರಸ್ವವಾದರೂ ಗುರುವೇ. ನಾನು ಸೇರಿಸಿದ ದೀರ್ಘದಿಂದ ಲೆಕ್ಕ 24ಕ್ಕೆ ಹೋಗುತ್ತಿತ್ತು. ಅಳಿಸಿದೆ.

ಅಂದಿನಿಂದ ದಿನಕ್ಕೊಂದು ಪದ್ಯ. ಮೊದಮೊದಲು ಪ್ರಸ್ತಾರ ಹಾಕಿ ಆಮೇಲೆ ಓದುತ್ತಿದ್ದೆ. ಆ ಕ್ರಮ ತಿರುಗುಮುರುಗಾಗಿತ್ತು. ಅದೇ ಪದ್ಯದ ‘ಮಥನ ಶ್ರವಣ’ ಎಂಬಲ್ಲಿ ಒತ್ತಕ್ಷರದ ಹಿಂದಿನ ‘ನ’ವನ್ನು ಸೂತ್ರದಂತೆ ಗುರು ಮಾಡಿದರೆ ಒಂದು ಮಾತ್ರೆ ಹೆಚ್ಚಾಗುತ್ತದೆ. ಬಾಯಲ್ಲಿ ಹೇಳಿ ನೋಡಿದಾಗ ‘ನ’ ತೇಲಿಹೋಯಿತು, ಲೆಕ್ಕ ಸರಿಯಾಯಿತು. ‘ವಿಮಲ ರಾ’ ಎಂದು ಪಾದ ಮುಗಿದು ‘ಜೀವಪೀಠನ’ ಎಂದು ಮುಂದಿನದು ಶುರುವಾಗುವಲ್ಲಿಯೂ ಹಾಗೆಯೇ. ಪಾದದ ಕೊನೆಯಲ್ಲಿ ಉಸಿರು ನಿಲ್ಲಿಸಿದರೆ ರಾಜೀವ ಎರಡು ತುಂಡು.

ಓದಿದ್ದು ನಿಜವಾಗಿ ಅರ್ಥವಾದದ್ದು ನಾನೇ ಕಟ್ಟಲು ಕೂತಾಗ. ಪಂಪನ ಗುಂಗಿನಲ್ಲಿ ಉತ್ಪಲಮಾಲೆಯನ್ನು ಆರಿಸಿಕೊಂಡೆ. ಅದೊಂದು ವೃತ್ತ, ಪಾದದ ಅಕ್ಷರಗಳ ಸಂಖ್ಯೆಯೂ ಲಘು-ಗುರುಗಳ ಜಾಗವೂ ಅಲ್ಲಿ ನಿಗದಿ. ‘ನಡೆದನು’ ಎಂಬ ಸಾಮಾನ್ಯ ಕ್ರಿಯಾಪದಕ್ಕೇ ಅಲ್ಲಿ ಜಾಗ ಸಿಗಲಿಲ್ಲ. ಅದು ನಾಲ್ಕು ಲಘು. ಉತ್ಪಲಮಾಲೆಯ ಪ್ರತಿ ಪಾದದ 20 ಅಕ್ಷರಗಳಲ್ಲಿ ಮೂರಕ್ಕಿಂತ ಹೆಚ್ಚು ಲಘು ಒಟ್ಟಿಗೆ ಎಲ್ಲಿಯೂ ಬರುವುದಿಲ್ಲ. ಮುಂದೊಂದು ಒತ್ತಕ್ಷರವನ್ನು ತಂದು ‘ನು’ವನ್ನು ಗುರು ಮಾಡಬಹುದಿತ್ತು, ಆದರೆ ಪ್ರತಿ ಸಲವೂ ಆ ತಿಣುಕಾಟ ಏಕೆ? 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪನ ಭಾಷೆಯಲ್ಲಿ ಅದು ‘ನಡೆದಂ’. ಎರಡು ಲಘು, ಒಂದು ಗುರು. ವೃತ್ತದಲ್ಲಿ ಸಲೀಸಾಗಿ ಕೂರುತ್ತದೆ.

ಎರಡನ್ನೂ ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದೆ. ನಡೆದಂ: ಮೂರು ಅಕ್ಷರ, ನಾಲ್ಕು ಮಾತ್ರೆ. ನಡೆದನು: ನಾಲ್ಕು ಅಕ್ಷರ, ನಾಲ್ಕೇ ಮಾತ್ರೆ! ವ್ಯಂಜನಾಂತ ಪದಗಳು ಸ್ವರಾಂತವಾಗುತ್ತ ಬಂದಾಗ ಇಂಥ ರೂಪಗಳಲ್ಲಿ ಅಕ್ಷರದ ಎಣಿಕೆ ಕದಲಿತು, ಮಾತ್ರೆಯದು ಕದಲಲಿಲ್ಲ. ರಾಘವಾಂಕ ಷಟ್ಪದಿಯಲ್ಲಿ ಇಡೀ ಕಾವ್ಯಗಳನ್ನೇ ಕಟ್ಟಿ ನಿಲ್ಲಿಸಿದ್ದಕ್ಕೆ, ಹರಿಹರ ಮಾತ್ರೆಯ ಲೆಕ್ಕದ್ದೇ ಆದ ರಗಳೆಯನ್ನು ಹಿಡಿದದ್ದಕ್ಕೆ ಬೇರೆ ಕಾರಣಗಳೂ ಇವೆ. ಆದರೂ ಬದಲಾಗುತ್ತಿದ್ದ ಕನ್ನಡಕ್ಕೆ ಮಾತ್ರಾಛಂದಸ್ಸು ಹೆಚ್ಚು ಒಗ್ಗಿತು ಎಂಬುದು ಆ ಹಾಳೆಯ ಮುಂದೆ ಕೂತಾಗಲೇ ನನಗೆ ಮನದಟ್ಟಾಯಿತು.

ನನ್ನನ್ನು ಹೆಚ್ಚು ಸತಾಯಿಸಿದ್ದು ಆದಿಪ್ರಾಸ. ಷಟ್ಪದಿಯ ಆರೂ ಪಾದಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಬೇಕು, ಮೊದಲ ಅಕ್ಷರ ಎಲ್ಲೆಡೆ ಗುರು ಅಥವಾ ಎಲ್ಲೆಡೆ ಲಘು. ಎರಡನೆಯ ಅಕ್ಷರದ ಪ್ರಕಾರ ಪದಗಳನ್ನು ಜೋಡಿಸಿದ ಒಂದು ನೋಟ್‌ಬುಕ್ ಇಟ್ಟುಕೊಂಡೆ. ‘ವ’ದ ಪುಟ ಬೇಗ ತುಂಬಿತು. ‘ಘ’ದ ಪುಟದಲ್ಲಿ ಇನ್ನೂ ಕೆಲವೇ ಪದಗಳಿವೆ.

ಈಗ ಪಂಪನ ವೃತ್ತವೊಂದನ್ನೂ ಕುಮಾರವ್ಯಾಸನ ಷಟ್ಪದಿಯೊಂದನ್ನೂ ಒಟ್ಟಿಗೆ ಓದುತ್ತೇನೆ. ಪಂಪನಲ್ಲಿ ಪದದ ಕೊನೆಯ ವ್ಯಂಜನವನ್ನು ನುಂಗದೆ ಪೂರ್ತಿ ನುಡಿಯುತ್ತೇನೆ. ಅದಕ್ಕೊಂದು ‘ಉ’ಕಾರ ಅಂಟಿಸಿಬಿಟ್ಟರೆ ಪದ್ಯ ಅಲ್ಲೇ ಮುಗ್ಗರಿಸುತ್ತದೆ.