ದೇವರನ್ನು ನಂಬದವರು ನಂಬುವವರ ಜೊತೆ ಬಾಳುವ ಬಗೆ

ಒಬ್ಬರ ನಂಬಿಕೆಯನ್ನು ಗೌರವಿಸಬೇಕಾದರೆ ಅದನ್ನು ಒಪ್ಪಲೇಬೇಕು ಅಂತ ಅಂದುಕೊಂಡಲ್ಲೇ ಹೆಚ್ಚಿನ ನಾಸ್ತಿಕರು ಎಡವುತ್ತಾರೆ. ಒಪ್ಪಲು ಮನಸ್ಸು ಬರುವುದಿಲ್ಲ, ಹಾಗಾಗಿ ಗೌರವವನ್ನೂ ಕೈಬಿಡುತ್ತಾರೆ. ನೀವು ಗೌರವ ಕೊಡಬೇಕಾದದ್ದು ನಂಬುವ ಮನುಷ್ಯನಿಗೆ, ತನ್ನ ಬದುಕನ್ನು ತಾನೇ ಅರ್ಥ ಮಾಡಿಕೊಳ್ಳುವ ಅವನ ಹಕ್ಕಿಗೆ. ಇದು ಸ್ಪಷ್ಟವಾದರೆ ಮುಂದಿನದು ಅಭ್ಯಾಸದ ಮಾತು.

ಮೊದಲು ನಿಮ್ಮ ನಿಲುವನ್ನು ಒಂದು ವಾಕ್ಯದಲ್ಲಿ ಹೇಳಲು ಕಲಿಯಿರಿ. ‘ದೇವರಿದ್ದಾನೆ ಅಂತ ನನಗೆ ನಂಬಿಕೆ ಬಂದಿಲ್ಲ’ ಎನ್ನುವುದು ಬೇರೆ, ‘ದೇವರು ಇಲ್ಲವೇ ಇಲ್ಲ’ ಎನ್ನುವುದು ಬೇರೆ. ಎರಡನೆಯದನ್ನು ಹೇಳಿದರೆ ಅದಕ್ಕೆ ಕಾರಣ ಕೊಡುವ ಹೊಣೆಯೂ ನಿಮ್ಮದೇ. ‘ಇದನ್ನು ತಿಳಿಯಲು ಸಾಧ್ಯವಿಲ್ಲ’ ಅನ್ನುವವರಿಗೆ ಅಜ್ಞೇಯವಾದಿ ಎಂಬ ಹೆಸರಿದೆ. ಇಂಗ್ಲಿಷಿನಲ್ಲಿ ಅದಕ್ಕಿರುವ ‘ಅಗ್ನಾಸ್ಟಿಕ್’ ಪದವನ್ನು 1869ರಲ್ಲಿ ಹುಟ್ಟುಹಾಕಿದವರು ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ. ನಮ್ಮ ‘ನಾಸ್ತಿಕ’ ಪದಕ್ಕೆ ಇನ್ನೂ ಒಂದು ತೊಡಕಿದೆ. ದರ್ಶನಶಾಸ್ತ್ರದಲ್ಲಿ, ಅಂದರೆ ಭಾರತದ ಹಳೆಯ ತತ್ತ್ವಶಾಸ್ತ್ರದಲ್ಲಿ, ವೇದವೇ ಪ್ರಮಾಣ ಅಂತ ಒಪ್ಪದವರು ನಾಸ್ತಿಕರು. ಹಾಗಾಗಿ ಭೌತವಾದಿಗಳಾದ ಚಾರ್ವಾಕರ ಜೊತೆಗೆ ಜೈನರೂ ಬೌದ್ಧರೂ ಆ ಸಾಲಿಗೆ ಸೇರಿದರು. ಸೃಷ್ಟಿಕರ್ತನನ್ನು ಹೇಳದ ಸಾಂಖ್ಯವೆಂಬ ಪಂಥ ಮಾತ್ರ, ವೇದವನ್ನು ಒಪ್ಪಿದ್ದರಿಂದ, ಆಸ್ತಿಕ ದರ್ಶನವಾಗಿಯೇ ಉಳಿಯಿತು. ಇವತ್ತು ಎಷ್ಟೋ ಜನರ ಕಿವಿಗೆ ಈ ಪದ ‘ಯಾವುದಕ್ಕೂ ಬೆಲೆ ಕೊಡದವನು’ ಅಂತಲೇ ಕೇಳಿಸುತ್ತದೆ. ಆದ್ದರಿಂದ ಹಣೆಪಟ್ಟಿ ಬೇಡ. ‘ನಾನು ದೇವರನ್ನು ನಂಬುವುದಿಲ್ಲ’ ಅಂತ ಬಿಡಿಸಿ ಹೇಳಿ.

ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬೇಕು

ಧಾರ್ಮಿಕ ಸಮಾರಂಭಕ್ಕೆ ಹೋಗುವಾಗ ಮೂರು ವಿಷಯ ಬೇರೆ ಮಾಡಿಟ್ಟುಕೊಳ್ಳಿ: ಹಾಜರಿ, ಮರ್ಯಾದೆ, ಆರಾಧನೆ. ಮೊದಲೆರಡನ್ನು ಧಾರಾಳವಾಗಿ ಕೊಡಿ. ಮೂರನೆಯದು ನಂಬುವವರದು, ನಂಬದೆ ಅದನ್ನು ನಟಿಸಿದರೆ ಅವರಿಗೂ ಅಗೌರವ, ನಿಮಗೂ ಇರಿಸುಮುರಿಸು.

ಮರ್ಯಾದೆ ಅಂದರೆ ಆ ಜಾಗದ ನಿಯಮ. ಮಸೀದಿಯಲ್ಲಿ ಚಪ್ಪಲಿ ಬಿಡುವುದು, ನಮಾಜ್ ಮಾಡುತ್ತಿರುವವರ ಮುಂದೆ ಹಾದುಹೋಗದಿರುವುದು. ಗುರುದ್ವಾರದಲ್ಲಿ ಚಪ್ಪಲಿ ಬಿಟ್ಟು ತಲೆಗೆ ಬಟ್ಟೆ ಹಾಕಿಕೊಳ್ಳುವುದು. ಚರ್ಚಿನಲ್ಲಿ ಎಲ್ಲರೂ ಎದ್ದಾಗ ಎದ್ದು ನಿಲ್ಲುವುದು ಸೌಜನ್ಯ. ಮಂಡಿಯೂರುವ ಹೊತ್ತಿಗೆ ಸುಮ್ಮನೆ ಕೂತಿರಬಹುದು. ಕ್ಯಾಥೊಲಿಕ್ ಪೂಜೆಯಲ್ಲಿ ಪರಮಪ್ರಸಾದ, ಅಂದರೆ ಪವಿತ್ರಗೊಳಿಸಿದ ರೊಟ್ಟಿ, ಕೊಡುವಾಗ ಸಾಲಿಗೆ ಸೇರಬೇಡಿ. ‘ಎಲ್ಲರೂ ಹೋಗುತ್ತಿದ್ದಾರಲ್ಲ’ ಅಂತ ಹೋಗುವವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಕ್ಯಾಥೊಲಿಕರಿಗೆ ಅದು ಯೇಸುವಿನ ಶರೀರವೇ. ಅದನ್ನು ನಂಬದೆ ಸ್ವೀಕರಿಸಿದರೆ ಅವರ ಮನಸ್ಸಿಗೆ ನೋವಾಗುತ್ತದೆ. ನಿಯಮ ಗೊತ್ತಿಲ್ಲದಿದ್ದರೆ ಕರೆದವರನ್ನು ಹಿಂದಿನ ದಿನವೇ ಕೇಳಿ. ‘ನಾನು ಬರುತ್ತೇನೆ, ಪ್ರಾರ್ಥನೆಯ ಹೊತ್ತಿಗೆ ಹಿಂದೆ ಕೂತಿರುತ್ತೇನೆ, ಪರವಾಗಿಲ್ಲವಾ?’ ಇಷ್ಟು ಸಾಕು. ಇದೇ ಮಾತನ್ನು ಸಮಾರಂಭದ ನಡುವೆ ಎಲ್ಲರ ಮುಂದೆ ಆಡಿದರೆ ಅದು ಪ್ರತಿಭಟನೆಯಂತೆ ಕಾಣುತ್ತದೆ.

ಊಟಕ್ಕೆ ಮುಂಚಿನ ಪ್ರಾರ್ಥನೆ ತೀರಾ ಚಿಕ್ಕದು, ಆದರೆ ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ. ಕೈಯನ್ನು ತಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳಿ. ಅರ್ಧಕ್ಕೆ ನಿಂತ ಮಾತನ್ನು ಅಲ್ಲೇ ಬಿಡಿ. ಫೋನನ್ನು ಬೋರಲು ಹಾಕಿ. ಕಣ್ಣು ಮುಚ್ಚಬೇಕಾಗಿಲ್ಲ, ಮುಚ್ಚಿದವರ ಮುಖಗಳನ್ನು ನೋಡುತ್ತಲೂ ಕೂರಬೇಡಿ. ನೋಟ ತಟ್ಟೆಯ ಅಂಚಿನ ಮೇಲಿರಲಿ. ಕೊನೆಯ ‘ಆಮೆನ್’ ನಿಮ್ಮ ಬಾಯಿಂದ ಬರದಿದ್ದರೆ ಯಾರೂ ಲೆಕ್ಕ ಇಡುವುದಿಲ್ಲ. ‘ಇವತ್ತು ನೀವೇ ಹೇಳಿ’ ಅಂದರೆ ಅಡುಗೆ ಮಾಡಿದವರಿಗೆ ಎರಡು ಮಾತಿನಲ್ಲಿ ಕೃತಜ್ಞತೆ ಹೇಳಿ. ಅದರಲ್ಲಿ ಸುಳ್ಳೂ ಇಲ್ಲ, ಮೊಂಡುತನವೂ ಇಲ್ಲ.

ಮಾತಿಗೆ ಮಾತು ಬಂದಾಗ

ವಾದಕ್ಕೆ ಇಳಿಯುವ ಮುಂಚೆ ನೋಡಿಕೊಳ್ಳಿ: ಅವರು ನಿಮ್ಮ ಅಭಿಪ್ರಾಯ ಕೇಳಿದ್ದಾರಾ? ಬೇಡವೆನಿಸಿದರೆ ಎದ್ದು ಹೋಗುವ ಸ್ವಾತಂತ್ರ್ಯ ಅವರಿಗಿದೆಯಾ? ನಿಮ್ಮ ಕೈಕೆಳಗಿನ ನೌಕರನಿಗೆ, ಹಾಸಿಗೆ ಹಿಡಿದ ರೋಗಿಗೆ ಅದಿಲ್ಲ. ಅಂಥವರ ಮುಂದೆ ವಾದ ಹೂಡಲೇಬೇಡಿ.

ಕೇಳಿದ್ದರೆ, ಅವರ ನಿಲುವನ್ನು ನಿಮ್ಮ ಮಾತಿನಲ್ಲಿ ಹೇಳಿ ತೋರಿಸಿ. ‘ಹೌದು, ನಾನು ಹೇಳಿದ್ದು ಅದನ್ನೇ’ ಅಂತ ಅವರು ಅನ್ನುವವರೆಗೂ ಉತ್ತರ ಕೊಡಬೇಡಿ. ಬಹಳ ಜಗಳಗಳು ಇಲ್ಲೇ ಕರಗುತ್ತವೆ, ಯಾಕೆಂದರೆ ನಾವು ಖಂಡಿಸುವುದು ಅನೇಕ ಸಲ ಅವರು ನಂಬದೇ ಇರುವ ಸಂಗತಿಯನ್ನು. ಆಮೇಲೆ ‘ಅದು ಸುಳ್ಳು’ ಅನ್ನುವ ಬದಲು ‘ನನಗೆ ಹಾಗನ್ನಿಸುವುದಿಲ್ಲ, ಕಾರಣ ಇದು’ ಅನ್ನಿ. ಎಲ್ಲೋ ನಡೆದ ಕ್ರೌರ್ಯಕ್ಕೆ ಎದುರಿಗೆ ಕೂತವರನ್ನು ಉತ್ತರ ಕೇಳಬೇಡಿ. ಇಡೀ ಧರ್ಮಕ್ಕೆ ‘ಮೂಢನಂಬಿಕೆ’ ಅಂತ ಮೊಹರು ಒತ್ತಬೇಡಿ. ಅನೇಕರಿಗೆ ನಂಬಿಕೆ ಅಂದರೆ ಸಿದ್ಧಾಂತಗಳ ಪಟ್ಟಿಯಷ್ಟೇ ಆಗಿರುವುದಿಲ್ಲ; ತಾಯಿ ಹೇಳಿಕೊಟ್ಟ ಹಾಡು, ಕಷ್ಟಕ್ಕೆ ಆದ ಜನ, ರಾತ್ರಿ ನಿದ್ದೆ ತರಿಸುವ ಧೈರ್ಯ ಎಲ್ಲ ಅದರಲ್ಲೇ ಹೆಣೆದುಕೊಂಡಿರುತ್ತವೆ. ಒಂದೆಳೆ ಎಳೆದರೆ ಎಲ್ಲವೂ ಅಲುಗುತ್ತದೆ.

ಸಾವಿನ ಮನೆಯಲ್ಲಂತೂ ತಿದ್ದುವ ಕೆಲಸ ಬೇಡವೇ ಬೇಡ. ‘ದೇವರ ಹತ್ತಿರ ಹೋದರು’ ಅಂತ ಅವರಂದಾಗ ‘ಅವರನ್ನು ನೀವು ಎಷ್ಟು ಚೆನ್ನಾಗಿ ನೋಡಿಕೊಂಡಿರಿ’ ಅನ್ನಬಹುದು. ‘ನಿಮಗಾಗಿ ಪ್ರಾರ್ಥಿಸುತ್ತೇನೆ’ ಅಂದವರಿಗೆ ‘ನನ್ನನ್ನು ನೆನೆದಿರಲ್ಲ, ಸಂತೋಷ’ ಅನ್ನಿ.

ಸುಮ್ಮನಿರಬಾರದ ಜಾಗ

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ ಧರ್ಮವನ್ನು ಆಚರಿಸುವ ಹಕ್ಕಿನ ಜೊತೆಗೆ ಬದಲಿಸುವ ಹಕ್ಕನ್ನೂ ಹೇಳುತ್ತದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲಿ, ನಿರೀಶ್ವರವಾದಿ ನಿಲುವಿಗೂ ಯಾವ ಧರ್ಮವನ್ನೂ ಅನುಸರಿಸದಿರುವುದಕ್ಕೂ ಇದೇ ರಕ್ಷಣೆ ಇದೆ ಎಂದು ಸ್ಪಷ್ಟಪಡಿಸಿತು. ಈ ಹಕ್ಕಿಗಾಗಿ ಜನ ಹೋರಾಡಿದ್ದಾರೆ. 1880ರಲ್ಲಿ ಬ್ರಿಟಿಷ್ ಸಂಸತ್ತಿಗೆ ಗೆದ್ದ ನಾಸ್ತಿಕ ಚಾರ್ಲ್ಸ್ ಬ್ರ್ಯಾಡ್ಲಾ, ಪ್ರಮಾಣವಚನದ ಜಗಳದಿಂದಾಗಿ 1886ರವರೆಗೆ ತಮ್ಮ ಸ್ಥಾನಕ್ಕಾಗಿ ಕಾದಾಡಬೇಕಾಯಿತು. ದೇವರ ಹೆಸರಿಲ್ಲದೆ ದೃಢೀಕರಿಸುವ ಅವಕಾಶ ಅಲ್ಲಿ ಎಲ್ಲರಿಗೂ ಸಿಕ್ಕಿದ್ದು 1888ರ ಕಾಯ್ದೆಯಿಂದ. ಪ್ರಮಾಣ ಮಾಡುವ ಸಂದರ್ಭ ಬಂದರೆ ಇಂಥ ಪರ್ಯಾಯ ಇದೆಯಾ ಅಂತ ಮೊದಲೇ ವಿಚಾರಿಸಿ.

ಯಾರಿಗಾದರೂ ಹಾನಿ ಆಗುತ್ತಿದ್ದರೆ ಗೌರವದ ಹೆಸರಿನಲ್ಲಿ ಬಾಯಿ ಮುಚ್ಚಿಕೊಳ್ಳಬೇಡಿ. ಆದರೆ ಹಾನಿಯನ್ನಷ್ಟೇ ಹೆಸರಿಸಿ. ಜ್ವರದಲ್ಲಿ ಬೇಯುತ್ತಿರುವ ಮಗುವಿನ ಮುಂದೆ ದೇವರ ಬಗ್ಗೆ ಚರ್ಚೆ ಎತ್ತಿದರೆ ಮನೆಯವರು ಬಾಗಿಲು ಹಾಕುತ್ತಾರೆ. ‘ಈಗಲೇ ಡಾಕ್ಟರ ಹತ್ತಿರ ಹೋಗೋಣ, ಪ್ರಾರ್ಥನೆ ಅಲ್ಲೂ ಮಾಡಬಹುದು’ ಅಂದರೆ ಮಗು ಆಸ್ಪತ್ರೆ ಸೇರುತ್ತದೆ. ಇನ್ನು ಧರ್ಮ ಬಿಟ್ಟವರಿಗೆ ಶಿಕ್ಷೆ ಇರುವ ದೇಶದಲ್ಲೋ ಮನೆಯಿಂದ ಹೊರಹಾಕುವ ಕುಟುಂಬದಲ್ಲೋ ಇದ್ದರೆ, ನಿಮ್ಮ ನಿಲುವನ್ನು ಬಚ್ಚಿಟ್ಟುಕೊಳ್ಳುವುದು ಹೇಡಿತನವಾಗುವುದಿಲ್ಲ. ದುಡಿಮೆ, ತಂಗಲು ಜಾಗ, ನಂಬಿಕಸ್ಥ ಒಬ್ಬರು ಇಷ್ಟು ಒದಗಿದ ಮೇಲೆ ಹೇಳಿದರಾಯಿತು.

ಮಕ್ಕಳಿರುವ ಮನೆಯಲ್ಲಿ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ‘ಅಜ್ಜಿ ಹೇಳೋದು ಸುಳ್ಳಾ?’ ‘ಅಜ್ಜಿ ಹಾಗೆ ನಂಬುತ್ತಾರೆ, ನಾನು ನಂಬಲ್ಲ. ಯಾಕೆ ಅಂತ ಅವರನ್ನೂ ಕೇಳು, ನನ್ನನ್ನೂ ಕೇಳು’ ಅನ್ನಿ. ಮಗು ಕೇಳಲು ಹೋದಾಗ ನೀವೂ ಅಲ್ಲೇ ಇದ್ದರೆ, ಅಜ್ಜಿ ಮಾತು ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ.